ಗೇರೆಣ್ಣೆಯ ಗುರುತು

ಆಗಬೋಟು ಹತ್ತುವುದು ಕಷ್ಟವಲ್ಲ, ಅದರ ಮೆಟ್ಟಿಲ ತನಕ ಹೋಗಿ ಮುಟ್ಟುವುದೇ ಕಷ್ಟ ಎಂದು ಭಟ್ಕಳದ ಮೀರಾಂ ಸಾಹೇಬರು ಹೇಳಿ ಕಳಿಸಿದ ದಿನದಿಂದ ಸೋಮಿಗೆ ಊಟ ಸೇರದಾಯಿತು. ಹಳದೀಪುರದಿಂದ ಹೊನ್ನಾವರದ ಸಂತೆಗೆ ಹೋಗಿ ಬಂದರೆ ಎರಡು ದಿನ ಅದನ್ನೇ ಹೇಳುತ್ತಿದ್ದ ಹೆಂಗಸು ಅವಳು. ಅಂಥವಳು ಈಗ ನಾಲ್ಕು ವರ್ಷದ ಮಗಳು ಅಂಬಾಳನ್ನು ಕಟ್ಟಿಕೊಂಡು ಮುಂಬಯಿಗೆ, ಅಲ್ಲಿಂದ ಸಮುದ್ರ ದಾಟಿ ಆಫ್ರಿಕಾದ ಮೊಂಬಾಸಕ್ಕೆ ಹೋಗಬೇಕಾಗಿತ್ತು. ಗಂಡ ದೇವು ಅಲ್ಲಿನ ರೈಲು ಕಾರ್ಖಾನೆಯಲ್ಲಿ ಬಡಗಿ. ಮಗು ಹೊಟ್ಟೆಯಲ್ಲಿದ್ದಾಗ ಹೋದವ. ಯುದ್ಧ ಸಮುದ್ರಕ್ಕೂ ಇಳಿದು ಹಡಗುಗಳು ಮುಳುಗತೊಡಗಿದ ಮೇಲೆ ಬರುವುದಕ್ಕೂ ಆಗಲಿಲ್ಲ, ಕರೆಸಿಕೊಳ್ಳುವುದಕ್ಕೂ ಆಗಲಿಲ್ಲ. ಯುದ್ಧ ಮುಗಿದ ಮೊದಲ ಬೇಸಿಗೆಯಲ್ಲಿ ಅಲ್ಲಿನ ಸರಕಾರ ಹೆಂಡತಿ ಮಗುವಿಗೆ ಪರವಾನಿಗೆ ಕೊಟ್ಟಿತು. ಅದೂ ಮಳೆಗಾಲ ಹಿಡಿಯುವುದರೊಳಗೆ ತೀರುವಂಥದ್ದು. ತೀರಿದರೆ ಮತ್ತೆ ಸಿಗುವ ಭರವಸೆಯಿಲ್ಲ. ಹೊರಗಿನವರು ಹೆಚ್ಚಾದರೆಂದು ಅಲ್ಲಿಯವರು ಬಾಗಿಲು ಹಾಕುತ್ತಿದ್ದ ಕಾಲ ಅದು.

ಬೋಟಿನ ಟಿಕೀಟು ಮಾಡಿಸಿಕೊಡುವವರು ಮೀರಾಂ ಸಾಹೇಬರು. ಅವರನ್ನು ಕಂಡು ಬಂದ ಭಾವ ಮಾಬ್ಲೇಶ್ವರ ಊಟಕ್ಕೆ ಕೂತಲ್ಲೇ ಎಲ್ಲ ಬಿಡಿಸಿ ಹೇಳಿದ. ರೇಷನ್ನಿನ ದಿನಗಳು. ಅಕ್ಕಿ ಸಾಲದೆ ಒಂದು ಹೊತ್ತು ರಾಗಿ ಅಂಬಲಿ, ಅದಕ್ಕೆ ಸುಟ್ಟ ಒಣಮೀನು.

"ಮೊದಲು ಪೋಲೀಸ್ರು ಮನೆಗೆ ಬಂದು ಕೇಳ್ತ್ರು. ಫೋಟೋ ತೆಗೆಸ್ಬೇಕು. ಮುಂಬಯ್ಲಿ ಗಂಟು ಮೂಟೆ ಎಲ್ಲಾ ಬಿಚ್ಚಿ ನೋಡ್ತ್ರು. ಬಂಗಾರ ಜಾಸ್ತಿ ಇದ್ರೆ ತೆಗೆದಿಡ್ತ್ರು. ಕಣ್ಣಿನ ರೆಪ್ಪೆ ಮಗುಚಿ ನೋಡ್ತ್ರು. ಕಡೆಗೆ ತೋಳು."

"ತೋಳು ಎಂತಕ್ಕೆ?" ಎಂದಳು ಅವನ ಹೆಂಡತಿ ಲಕ್ಕಿ.

"ದೇವಿ ಹಾಕಿಸಿದ ಗುರುತು ಇಲ್ದೆ ಹೋದ್ರೆ ಬೋಟಿಗೆ ಬಿಡೂದಿಲ್ಲ. ದೊಡ್ಡವರಾಗ್ಲಿ, ಮಕ್ಕಳಾಗ್ಲಿ."

ಅಂಬಲಿ ಬಡಿಸುತ್ತಿದ್ದ ಅತ್ತೆ ಮಾದೇವಿಯ ಕೈ ಅಲ್ಲೇ ನಿಂತಿತು.

ನಮ್ಮ ಕಡೆ ಸಿಡುಬಿಗೆ ದೇವಿ ಎಂದೇ ಹೆಸರು. ಸಿಡುಬು ಬಾರದಂತೆ ತೋಳು ಗೀರಿ ಮದ್ದು ಹಚ್ಚುವುದಕ್ಕೆ ದೇವಿ ಹಾಕಿಸುವುದು ಎನ್ನುತ್ತಾರೆ. ಸೋಮಿಗೆ ತವರು ಮಾವಿನಕುರ್ವೆಯಲ್ಲಿ ಚಿಕ್ಕಂದಿನಲ್ಲೇ ಹಾಕಿಸಿದ್ದರು. ಅವಳ ತೋಳಿನ ಮೇಲೆ ದುಂಡಗಿನ ಗುರುತುಗಳಿದ್ದವು. ಆದರೆ ಈ ಮನೆಯೊಳಗೆ ಆ ಮದ್ದು ಕಾಲಿಟ್ಟಿದ್ದು ಒಂದೇ ಸಲ. ಊರಲ್ಲಿ ಆಗಲೇ ಸಿಡುಬು ಹಬ್ಬಿದ್ದಾಗ ಸರಕಾರದವರು ಬಂದು ಮಾದೇವಿಯ ಇಬ್ಬರು ಹೆಣ್ಣುಮಕ್ಕಳಿಗೆ ಹಾಕಿ ಹೋಗಿದ್ದರು. ಗೀರಿದ ಗಾಯ ಒಣಗುವ ಮೊದಲೇ ಮಕ್ಕಳಿಬ್ಬರ ಮೈ ತುಂಬ ಎದ್ದಿತು. ಇಬ್ಬರೂ ಉಳಿಯಲಿಲ್ಲ. ಮದ್ದಿಗೆ ಹೆದರಿ ಕೊಟ್ಟಿಗೆಯಲ್ಲಿ ಅಡಗಿದ್ದ ಮಾಬ್ಲೇಶ್ವರನಿಗೂ ಸಿಡುಬು ಬಂತು, ಮುಖವೆಲ್ಲ ಕುಳಿ ಬಿದ್ದರೂ ಜೀವ ಉಳಿಯಿತು. ದೇವು ಆಗ ಇನ್ನೂ ಹೊಟ್ಟೆಯಲ್ಲಿದ್ದ. ಮಾದೇವಿ ತನ್ನ ಲೆಕ್ಕ ತಾನು ಹಾಕಿಕೊಂಡಳು. ಕರೆದವರನ್ನು ದೇವಿ ಒಯ್ದಳು, ಕರೆಯದವನನ್ನು ಬಿಟ್ಟು ಹೋದಳು. ಆ ಲೆಕ್ಕವನ್ನು ತಪ್ಪೆನ್ನಲು ಊರಲ್ಲಿ ಯಾರಿಗೂ ಬಾಯಿ ಬರಲಿಲ್ಲ.

"ಮಗಿಗೆ ಅದೊಂದು ಆಗೂದಿಲ್ಲ" ಎಂದಳು ಮಾದೇವಿ. "ದೇವು ಹೋಗುವಾಗ ಇದೆಲ್ಲಾ ಎಲ್ಲಿತ್ತು?"

ಮಾಬ್ಲೇಶ್ವರ ಅಂಬಲಿಯ ಬಟ್ಟಲು ಕೆಳಗಿಟ್ಟ. "ಆಗಲೂ ಇತ್ತು ಅವ್ವಿ. ಅವ ಮುಂಬಯ್ಲಿ ಹಾಕಿಸ್ಕಂಡೇ ಹೋದ. ನಿಂಗೆ ಹೇಳ್ಬೇಡ ಅಂದಿದ್ದ."

ಮಾದೇವಿ ಸೌಟನ್ನು ಪಾತ್ರೆಗೆ ಹಾಕಿದಳು. "ಅವನ ಜೀವ ಅವನದ್ದು, ಏನು ಬೇಕಾದ್ರೂ ಮಾಡ್ಕಳ್ಳಿ. ಈ ಮಗು ನನ್ನ ಮನೇಲಿ ಇರೂ ತನಕ ಅದರ ತೋಳು ಗೀರೂಕೆ ನಾ ಬಿಡೂದಿಲ್ಲ" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಅವಳು ಉಣ್ಣಲಿಲ್ಲ. ಅತ್ತೆ ಉಣ್ಣದ ಮೇಲೆ ಸೊಸೆಯಂದಿರು ಉಣ್ಣುವುದು ಹೇಗೆ, ಅಂಬಲಿ ಹಾಗೇ ಉಳಿದು ಬೆಳಿಗ್ಗೆ ಹುಳಿಯಾಯಿತು.

ಫೋಟೋದ ಕೆಲಸ ಕುಮಟೆಯಲ್ಲಿ ಮುಗಿಯಿತು. ಕರಿ ಬಟ್ಟೆಯೊಳಗೆ ತಲೆ ಹಾಕಿದ ಮನುಷ್ಯನನ್ನು ಕಂಡು ಅಂಬಾ ಕಿರುಚಿದ್ದೊಂದು ಬಿಟ್ಟರೆ ತೊಂದರೆಯಾಗಲಿಲ್ಲ. ವಾರದ ಮೇಲೆ ಹೊನ್ನಾವರದಿಂದ ಪೋಲೀಸಿನವ ಸೈಕಲ್ಲು ತುಳಿದುಕೊಂಡು ಬಂದ. ಬೇಲಿಯ ಆಚೆ ನಾಲ್ಕು ಮನೆಯವರು ಸೇರಿದರು. ಯಾರನ್ನೋ ಹಿಡಿದುಕೊಂಡು ಹೋಗಲು ಬಂದ ಎಂದೇ ಅವರ ಎಣಿಕೆ.

"ಸೋಮಿ ಕೋಂ ದೇವು ಅಂದ್ರೆ ಯಾರು?"

ಸೋಮಿ ಸೆರಗು ಎಳೆದುಕೊಂಡು ಜಗಲಿಯ ಕಂಬದ ಹಿಂದೆ ನಿಂತಳು. ಅವನು ಊರು ಕೇಳಿದ, ತಂದೆಯ ಹೆಸರು ಕೇಳಿದ, ಮದುವೆಯಾಗಿ ಎಷ್ಟು ವರ್ಷ ಎಂದು ಕೇಳಿದ. ಕಡೆಗೆ ತಲೆಯೆತ್ತಿ, "ಗಂಡನ ಹತ್ರ ಹೋಗೂದು ನಿಮ್ಮ ಮನಸ್ಸಿಂದ್ಲೋ, ಯಾರಾದ್ರೂ ಒತ್ತಾಯ ಮಾಡಿದ್ರೋ?" ಎಂದ.

ಹುಟ್ಟಿದಂದಿನಿಂದ ಅವಳ ಮನಸ್ಸು ಯಾವುದೆಂದು ಕೇಳಿದವರು ಅದೇ ಮೊದಲು. ಅದೂ ಪೋಲೀಸಿನವ. ಸೋಮಿ ನೆಲ ನೋಡುತ್ತ, "ನನ್ನ ಮನಸ್ಸಿಂದ್ಲೇ" ಎಂದಳು. ಪೋಲೀಸಿನವನಿಗೆ ಕೊಡಲು ಮಜ್ಜಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಮಾದೇವಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು.

ಅವನು ಹೋದ ಮೇಲೆ ಮಾದೇವಿ ಲಕ್ಕಿಯ ಕಡೆಗೆ ತಿರುಗಿ ಹೇಳಿದಳು, "ಇಷ್ಟು ವರ್ಷ ಉಂಡ ಮನೆ ಬಿಡೂಕೆ ಎಷ್ಟು ಬೇಗ ಬಾಯಿ ಬಂತು ನೋಡು. ನಂಗೆ ನೀರು ಬೇಕಾ ಅಂತ ಕೇಳೂಕೆ ಇಷ್ಟು ಬೇಗ ಬರೂದಿಲ್ಲ."

ಲಕ್ಕಿಗೆ ಮಕ್ಕಳಿರಲಿಲ್ಲ. ಅಂಬಾ ಹುಟ್ಟಿದಾಗಿನಿಂದ ಮಲಗುತ್ತಿದ್ದುದು ಅವಳ ಪಕ್ಕದಲ್ಲೇ. ಆದರೂ ಅವಳು, "ಗಂಡ ಇದ್ದಲ್ಲಿ ಹೋಗ್ದೆ ಮತ್ತೆಲ್ಲಿಗೆ ಹೋಗ್ತ್ಲು ಅತ್ತೆ?" ಎಂದು ಗೊಣಗಿ ಕೊಟ್ಟಿಗೆಗೆ ನಡೆದಳು.

ಆಮೇಲಿನ ಒಂದು ಬೆಳಿಗ್ಗೆ ದೇವಿ ಹಾಕುವವ ಶಾಲೆಯ ಜಗಲಿಗೆ ಬಂದಿದ್ದಾನೆ ಎಂದು ಸುದ್ದಿಯಾಯಿತು. ಸೋಮಿ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು ಹಿಂಡದ ಬಟ್ಟೆಯನ್ನೇ ಹೊತ್ತುಕೊಂಡು ಓಡಿ ಬಂದರೆ ಮನೆಯಲ್ಲಿ ಮಗುವೂ ಇಲ್ಲ, ಅತ್ತೆಯೂ ಇಲ್ಲ. ತೋಟದಲ್ಲಿಲ್ಲ, ಗದ್ದೆಯ ಅಂಚಿನಲ್ಲಿಲ್ಲ. ಕಡೆಗೆ ಗುಡ್ಡದ ಮೇಲಿನ ಗೇರು ಹಕ್ಕಲಿಗೆ ಹತ್ತಿದಳು. ಗೇರುಮರದ ಬುಡದಲ್ಲಿ ಅಜ್ಜಿ ಮೊಮ್ಮಗಳು ಕೂತಿದ್ದರು. ಅಂಬಾಳ ಅಂಗಿಯೆಲ್ಲ ಗೇರುಹಣ್ಣಿನ ಕಲೆ. ಮಾದೇವಿ ಬುಟ್ಟಿಗೆ ಬೀಜ ಹೆಕ್ಕುವವಳಂತೆ ನಟಿಸುತ್ತಿದ್ದಳು. ಕೆಳಗೆ ರಸ್ತೆಯಲ್ಲಿ ದೇವಿ ಹಾಕುವವನ ಗಾಡಿ ಆಗಲೇ ಕುಮಟೆಯ ದಿಕ್ಕಿಗೆ ಹೊರಟಿತ್ತು.

"ಅತ್ತೆ, ಈ ಮಗು ತನ್ನ ಅಪ್ಪನ ಮುಖ ಇನ್ನೂ ನೋಡ್ಲಿಲ್ಲ."

"ನನ್ನ ಇಬ್ರು ಹೆಣ್ಮಕ್ಕಳ ಮುಖ ನಾ ಮತ್ತೆ ನೋಡಿದ್ನಾ?"

ಸೋಮಿ ಮಗಳನ್ನು ಎತ್ತಿಕೊಂಡಳು. ಸಿಟ್ಟಿನಿಂದ ಹತ್ತಿದ ಗುಡ್ಡವನ್ನು ಅವಳು ಹೆದರಿಕೆಯಿಂದ ಇಳಿದಳು. ಅತ್ತೆ ಹೇಳುವುದು ನಿಜವಿದ್ದರೆ? ಗಂಡನ ಹತ್ತಿರ ಹೋಗುವ ಆಸೆಗೆ ಮಗುವನ್ನು ಬಲಿ ಕೊಟ್ಟವಳು ಎಂದು ಊರು ಹೇಳಿದರೆ? ಒಲೆಯ ಮುಂದೆ ಕೂತರೂ ಅದೇ, ನೀರು ಸೇದುವಾಗಲೂ ಅದೇ. ಹೆದರಿಕೆ ಎಂಬುದು ಅಂಟುಜಾಡ್ಯ. ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಬರುತ್ತದೆ.

ಮಾಬ್ಲೇಶ್ವರ ಮಾತ್ರ ಗಟ್ಟಿಯಾಗಿದ್ದ. "ಸೋಮವಾರ ಹೊನ್ನಾವರದ ಆಸ್ಪತ್ರೆಗೆ ಕರ್ಕಂಡು ಹೋಗ್ತೆ. ಅವ್ವಿ ಅಳೂದಾದ್ರೆ ಅಳ್ಲಿ" ಎಂದ. ಆದರೆ ಭಾನುವಾರವೇ ಕುಮಟೆಯ ಬಸ್ಸಿನಿಂದ ಇಳಿದವರು ಕೆಟ್ಟ ಸುದ್ದಿ ತಂದರು. ಹೊಳನಗದ್ದೆಯಲ್ಲಿ ಮೂರು ಮನೆಗೆ ದೇವಿ ಬಂದಿದ್ದಾಳೆ.

ಅಲ್ಲಿಗೆ ಎಲ್ಲವೂ ನಿಂತಿತು. ಮಾದೇವಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಒಗ್ಗರಣೆ ಇಲ್ಲ, ಮೀನು ಇಲ್ಲ, ತಲೆ ಬಾಚುವಂತಿಲ್ಲ, ಬಂದವರನ್ನು ಕೂರಿ ಎನ್ನುವಂತಿಲ್ಲ. ಅಮ್ಮ ಸಂಚಾರಕ್ಕೆ ಹೊರಟಿರುವಾಗ ದೇವಿ ಹಾಕಿಸಿದರೆ ಅವಳನ್ನು ಕೆಣಕಿ ಮನೆಗೆ ಕರೆದಂತೆ ಎಂಬುದು ಊರಿನ ನಂಬಿಕೆ. ಹಾಕಿಸಬೇಕಾದದ್ದು ಆಗಲೇ ಎಂದು ಆಸ್ಪತ್ರೆಯವರು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ಸೋಮವಾರ ಬೆಳಿಗ್ಗೆ ಮಾಬ್ಲೇಶ್ವರ ಅಂಗಿ ಹಾಕಿಕೊಂಡು ಅಂಗಳದ ತನಕ ಬಂದ. ತನ್ನ ಮುಖದ ಕುಳಿಗಳನ್ನು ಒಮ್ಮೆ ಸವರಿಕೊಂಡ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಗದ್ದೆಗೆ ಹೋದ. ಸೋಮಿಯೂ ಹೋಗೋಣ ಎಂದು ಹೇಳಲಿಲ್ಲ.

ಇತ್ತ ಭಟ್ಕಳದಿಂದ ಬೋಟಿನ ದಿನ ಗೊತ್ತಾಗಿ ಬಂತು. ಹುಣ್ಣಿಮೆ ಕಳೆದ ಮೇಲೆ ಹೊರಡಬೇಕು. ಇದು ತಪ್ಪಿದರೆ ಪರವಾನಿಗೆಯ ಒಳಗೆ ಬೇರೆ ಬೋಟಿನಲ್ಲಿ ಜಾಗವಿಲ್ಲ. ಸೋಮಿ ಬಾವಿಕಟ್ಟೆಯ ಹಿಂದೆ ಕೂತು ಅತ್ತಳು. ಅತ್ತು ಮುಖ ತೊಳೆದು ಒಳಗೆ ಬಂದರೆ ಮಾದೇವಿ ಒಲೆಯ ಮುಂದೆ ಹಸಿ ಗೇರುಬೀಜ ಇಟ್ಟುಕೊಂಡು ಕೂತಿದ್ದಳು.

"ಬೋಟಿನವರಿಗೆ ಬೇಕಾದ್ದು ಗುರುತು ಅಲ್ದಾ?" ಎಂದಳು. "ಗುರುತು ನಾ ಮಾಡಿಕೊಡ್ತೆ."

ಸೋಮಿಗೆ ಅರ್ಥವಾಗಲು ತಡವಾಗಲಿಲ್ಲ. ಗೇರುಬೀಜ ಸುಟ್ಟು ಸುಲಿಯುವ ಮನೆಗಳಲ್ಲಿ ಎಲ್ಲರ ಕೈಯಲ್ಲೂ ಆ ಗುರುತು ಇರುತ್ತದೆ. ಸಿಪ್ಪೆಯ ಎಣ್ಣೆ ತಾಗಿದಲ್ಲಿ ಬೊಬ್ಬೆ ಎದ್ದು, ಹಕ್ಕಳೆಯಾಗಿ, ದುಂಡಗೆ ಕಪ್ಪು ಕಲೆ ಉಳಿಯುತ್ತದೆ. ದೇವಿ ಹಾಕಿಸಿದ ತೋಳನ್ನೂ ಅದನ್ನೂ ಪಕ್ಕ ಪಕ್ಕ ಇಟ್ಟರೆ ಬೇರೆ ಮಾಡುವುದು ಕಷ್ಟ.

"ನೀವು ಮಗು ಹೋಗೂದೇ ಬೇಡ ಅಂತ ಇದ್ರಿ."

"ಹೋಗೂದು ಬೇಡ ಹೇಳಿ ನಾ ಎಲ್ಲಿ ಹೇಳ್ದೆ? ಸಾಯೂದು ಬೇಡ ಹೇಳ್ದೆ." ಮಾದೇವಿ ಬೀಜವನ್ನು ಇಕ್ಕಳದಲ್ಲಿ ಹಿಡಿದು ಕೆಂಡಕ್ಕೆ ಒಡ್ಡಿದಳು. "ಹಾವೂ ಸಾಯಬೇಕು, ಕೋಲೂ ಮುರೀಬಾರ್ದು. ಕೈ ಹಿಡ್ಕಾ."

"ಸಣ್ಣ ಮಗು ಅತ್ತೆ, ಸುಡ್ತದೆ" ಎಂದು ಲಕ್ಕಿ ಬಾಗಿಲಲ್ಲೇ ನಿಂತು ಅಂದಳು.

"ಸುಟ್ಟದ್ದು ಮಾಯ್ತದೆ. ಸತ್ತದ್ದು ಬರೂದಿಲ್ಲ."

ಲಕ್ಕಿ ನೋಡಲಾರದೆ ಹಿತ್ತಲಿಗೆ ಹೋದಳು. ಸೋಮಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಡತೋಳನ್ನು ಗಟ್ಟಿಯಾಗಿ ಹಿಡಿದಳು. ಸಿಪ್ಪೆಯಿಂದ ಜಿನುಗಿದ ಎಣ್ಣೆಯನ್ನು ಹಿಡಿಕಡ್ಡಿಯ ತುದಿಗೆ ಮುಟ್ಟಿಸಿ ಮಾದೇವಿ ಎರಡು ಕಡೆ ಒತ್ತಿದಳು. ಮೊದಲು ಮಗುವಿಗೆ ಏನಾಯಿತೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಕೂಗಿದ ಕೂಗು ರಸ್ತೆಗೆ ಕೇಳಿಸಿತು. ಬಿಡಿಸಿಕೊಳ್ಳಲು ಒದ್ದಾಡಿ ತಾಯಿಯ ಕೈಯನ್ನು ಕಚ್ಚಿತು. ಸೋಮಿ ಬಿಡಲಿಲ್ಲ. ಅತ್ತೆಯ ಕಣ್ಣಿಂದಲೂ ನೀರು ಸುರಿಯುತ್ತಿತ್ತು, ಆದರೆ ಕಡ್ಡಿ ಹಿಡಿದ ಕೈ ಅಲುಗಲಿಲ್ಲ. ಆ ವಾರವೆಲ್ಲ ಅಂಬಾ ಅಮ್ಮನ ಹತ್ತಿರವೂ ಬರಲಿಲ್ಲ, ಅಜ್ಜಿಯ ಹತ್ತಿರವೂ ಹೋಗಲಿಲ್ಲ. ಲಕ್ಕಿಯ ಸೆರಗು ಹಿಡಿದುಕೊಂಡೇ ಓಡಾಡಿದಳು.

ಹಕ್ಕಳೆ ಉದುರಿದ ಮೇಲೆ ಮಾಬ್ಲೇಶ್ವರ ಮಗುವನ್ನು ಪೇಟೆಯ ಒಬ್ಬ ಡಾಕ್ಟರರಿಗೆ ತೋರಿಸಿದ. ರೋಗಿಗಳ ಗದ್ದಲದಲ್ಲಿ ಅವರು ತೋಳಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ದೇವಿ ಹಾಕಿಸಿದೆ ಎಂದು ಚೀಟಿ ಬರೆದುಕೊಟ್ಟರು. ಎಷ್ಟು ಸುಲಭ ಎಂದು ಮಾಬ್ಲೇಶ್ವರ ನಕ್ಕ. ಸೋಮಿಗೆ ನಗು ಬರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮುಂಬಯಿಯ ಡಾಕ್ಟರು ಅಷ್ಟು ಸುಲಭಕ್ಕೆ ನಂಬುತ್ತಾನೆಯೇ, ಹಿಡಿದರೆ ಜೈಲಿಗೆ ಹಾಕುತ್ತಾರೆಯೇ, ಮಗುವನ್ನು ಕಿತ್ತುಕೊಳ್ಳುತ್ತಾರೆಯೇ ಎಂಬುದೇ ಅವಳ ಧ್ಯಾನ.

ಹೊರಡುವ ದಿನ ಮಾದೇವಿ ಕೆಂಪಕ್ಕಿ, ಮುರುಗಲಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಕಟ್ಟಿಕೊಟ್ಟಳು. ಬಸ್ಸು ಬಂದಾಗ ಮೊಮ್ಮಗಳ ತಲೆ ಸವರಿ, "ಕೇಳಿದ್ರೆ ಮಾತ್ರ ತೋಳು ತೋರ್ಸು. ಕೇಳದೆ ತೋರಿಸ್ಬೇಡ" ಎಂದಳು. ಸೊಸೆಯ ಕಡೆ ನೋಡಲಿಲ್ಲ. ಬಸ್ಸು ಹೊರಟ ಮೇಲೆ ಸೋಮಿ ತಿರುಗಿ ನೋಡಿದರೆ ಅತ್ತೆ ರಸ್ತೆಯ ನಡುವೆಯೇ ಕೂತುಬಿಟ್ಟಿದ್ದಳು, ಲಕ್ಕಿ ಎಬ್ಬಿಸುತ್ತಿದ್ದಳು.

ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು. ಮುಂಬಯಿಯಲ್ಲಿ ಬಂದರದ ಹತ್ತಿರ ಬೋಟಿನ ಜನ ಇಳಿದುಕೊಳ್ಳುವ ಮುಸಾಫಿರಖಾನೆಯಲ್ಲಿ ಮಾಬ್ಲೇಶ್ವರ ಜಾಗ ಹಿಡಿದ. ದೊಡ್ಡ ಹಾಲಿನಲ್ಲಿ ಚಾಪೆಗೆ ಚಾಪೆ ತಾಗುವಂತೆ ಜನ. ಪಕ್ಕದ ಚಾಪೆಯಲ್ಲಿ ಕಛ್ ಕಡೆಯ ಒಬ್ಬ ಹೆಂಗಸು, ಅವಳೂ ಗಂಡನ ಹತ್ತಿರ ಹೊರಟವಳೇ. ಅವಳಿಗೂ ಅಂಬಾಳ ಓರಗೆಯ ಮಗಳು. ಭಾಷೆ ತಿಳಿಯದಿದ್ದರೂ ಮಕ್ಕಳಿಬ್ಬರೂ ಗೆಳತಿಯರಾದರು. ಎರಡನೆಯ ದಿನ ಆ ಮಗು ಮೈ ಬಿಸಿಯಾಗಿ ಮಲಗಿತು. ಅದರ ತಾಯಿ ಕೈಸನ್ನೆ ಮಾಡಿ ಬಿಸಿಲಿನ ಝಳ ಎಂಬಂತೆ ಹೇಳಿ ದಪ್ಪ ಶಾಲು ಹೊದಿಸಿದಳು. ಅವಳ ಕಣ್ಣಲ್ಲಿದ್ದ ಹೆದರಿಕೆ ಸೋಮಿಗೆ ಗುರುತು ಸಿಕ್ಕಿತು. ಸಿಗದೆ ಏನು, ತನ್ನದೂ ಅದೇ ಅಲ್ಲವೇ. ಆದರೆ ಏನೆಂದು ಕೇಳಲು ಧೈರ್ಯ ಸಾಲಲಿಲ್ಲ.

ಬೋಟಿನ ದಿನ ಬೆಳಿಗ್ಗೆಯೇ ಬಂದರದ ಶೆಡ್ಡಿನಲ್ಲಿ ಸಾಲು ನಿಲ್ಲಿಸಿದರು. ಮಾಬ್ಲೇಶ್ವರ ಕಟಕಟೆಯ ಆಚೆ ಉಳಿಯಬೇಕಾಯಿತು. ಈಚೆ ಸೋಮಿ, ಅಂಬಾ, ಗಂಟು ಮೂಟೆ ಮಾತ್ರ. ಮೊದಲ ಮೇಜಿನಲ್ಲಿ ಪೋಲೀಸು ಅಧಿಕಾರಿ ಫೋಟೋ ನೋಡಿ ಮುಖ ನೋಡಿ ಎರಡೆರಡು ಸಲ ಹೋಲಿಸಿದ. ಎರಡನೆಯ ಮೇಜಿನಲ್ಲಿ ಗಂಟು ಬಿಚ್ಚಿಸಿದರು. ಕೆಂಪಕ್ಕಿಯೊಳಗೆ ಕಬ್ಬಿಣದ ಸರಳು ತೂರಿಸಿ ಬಂಗಾರ ಹುಡುಕಿದರು, ಉಪ್ಪಿನಕಾಯಿ ಭರಣಿಗೂ ಸರಳು ಹಾಕಿದರು. ಸೋಮಿಯ ಕರಿಮಣಿ, ಮೂಗುಬೊಟ್ಟು ಬರೆದುಕೊಂಡರು. ಒಬ್ಬ ಹೆಂಗಸು ಪರದೆಯ ಹಿಂದೆ ಕರೆದು ಅವಳ ತುರುಬು ಬಿಚ್ಚಿ ನೋಡಿದಳು. ಮೂರನೆಯ ಮೇಜಿನಲ್ಲಿ ಕಣ್ಣಿನ ರೆಪ್ಪೆ ಮಗುಚಿದರು. ಪ್ರತಿಯೊಂದು ದಾಟಿದಾಗಲೂ ಸೋಮಿಗೆ ಸಮಾಧಾನವಾಗುವ ಬದಲು ಜೀವ ಇನ್ನಷ್ಟು ಬಾಯಿಗೆ ಬರುತ್ತಿತ್ತು. ಮುಂದಿನದು ತೋಳು.

ಅವಳ ಮುಂದೆ ಕಛ್ ಕಡೆಯವಳು ನಿಂತಿದ್ದಳು. ಡಾಕ್ಟರು ಮಗುವಿನ ಶಾಲು ತೆಗೆ ಎಂದರು. ಅವಳು ತೆಗೆಯಲಿಲ್ಲ. ದಾದಿ ಕೈ ಹಾಕಿ ಎಳೆದಳು. ಮಗುವಿನ ಹಣೆ, ಕೈ, ಅಂಗಾಲಿನ ಮೇಲೆಲ್ಲ ಕೆಂಪಗೆ ಎದ್ದಿತ್ತು.

ಸಾಲು ಚೆಲ್ಲಾಪಿಲ್ಲಿಯಾಯಿತು. ಶೆಡ್ಡಿನ ಬಾಗಿಲು ಹಾಕಿದರು. ತಾಯಿಯನ್ನೂ ಮಗುವನ್ನೂ ಬೇರೆ ಕೋಣೆಗೆ ಸಾಗಿಸಿದ ಮೇಲೆ ಡಾಕ್ಟರು ಮರಾಠಿಯಲ್ಲಿ ಕೂಗಿ ಹೇಳಿದರು. ಕೊಂಕಣಿ ಬಲ್ಲ ಸೋಮಿಗೆ ಅಷ್ಟು ತಿಳಿಯಿತು. ಮುಸಾಫಿರಖಾನೆಯಲ್ಲಿ ಮಲಗಿದವರ ತೋಳು ಮತ್ತೆ ನೋಡುತ್ತೇವೆ. ಗುರುತು ಇದ್ದವರು ಬೋಟು ಹತ್ತಬಹುದು. ಇಲ್ಲದವರಿಗೆ ಇಲ್ಲೇ ದೇವಿ ಹಾಕಿ, ಊರಾಚೆಯ ಶೆಡ್ಡಿನಲ್ಲಿ ಇಡುತ್ತೇವೆ.

ಡಾಕ್ಟರು ಸೋಮಿಯ ತೋಳು ನೋಡಿದರು. ಅಂಬಾ ಯಾರೂ ಹೇಳದೆಯೇ ಅಂಗಿಯ ತೋಳು ಮೇಲೆತ್ತಿ ನಿಂತಳು. ಡಾಕ್ಟರು ಹೆಬ್ಬೆರಳಿನಿಂದ ಎರಡು ಕಲೆಗಳನ್ನೂ ಒತ್ತಿ ನೋಡಿದರು, ಚೀಟಿ ನೋಡಿದರು.

"ಇತ್ತೀಚಿನದು. ಚೆನ್ನಾಗಿ ಹತ್ತಿದೆ" ಎಂದು ಮೊಹರು ಒತ್ತಿ ಮುಂದಕ್ಕೆ ಹೋಗು ಎಂದರು.

ಆತು. ಇಷ್ಟು ವಾರ ಹೆದರಿದ್ದು ಇಷ್ಟಕ್ಕೇ. ಕಟಕಟೆಯ ಆಚೆಯಿಂದ ಮಾಬ್ಲೇಶ್ವರ ಕೈಯೆತ್ತಿ ನಕ್ಕ. ಕೂಲಿಯವ ಗಂಟು ಹೊತ್ತ. ಬೋಟಿನ ಮೆಟ್ಟಿಲು ಕಣ್ಣೆದುರಿಗೆ ಬಂತು. ಮೆಟ್ಟಿಲ ಹತ್ತಿರ ಅಂಬಾ ತಾಯಿಯ ಸೆರ‍ಗು ಜಗ್ಗಿ, "ಅವ್ವಿ, ಆ ಹುಡುಗಿಗೆ ಎಂತ ಆಯ್ತು?" ಎಂದಳು.

"ಏನಿಲ್ಲ, ನಡಿ."

"ನಿನ್ನೆ ಅವಳು ಬತ್ತಾಸು ಕೊಟ್ಲು. ಅರ್ಧ ಚೀಪಿ ಬಾಯಿಂದ ತೆಗೆದು ನಂಗೆ ಕೊಟ್ಲು."

ಸೋಮಿ ಮೆಟ್ಟಿಲಿಗೆ ಇಟ್ಟ ಕಾಲನ್ನು ಹಿಂದೆಳೆದಳು. ಮೆಟ್ಟಿಲ ಮೇಲೆ ಜನ ನೂಕುತ್ತಿದ್ದರು. ಮೇಲೆ ಹೋದರೆ ಗಂಡ. ಐದು ವರ್ಷ ಕಾದ ಗಂಡ. ಈ ಮಾತು ನುಂಗಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಮಗುವಿನ ತೋಳಿನಲ್ಲಿ ಇರುವುದು ಗೇರೆಣ್ಣೆ. ಅದು ಡಾಕ್ಟರನನ್ನು ತಡೆದೀತು, ದೇವಿಯನ್ನು ತಡೆಯುತ್ತದೆಯೇ? ನಡುಸಮುದ್ರದಲ್ಲಿ ಮಗುವಿನ ಮೈ ಮೇಲೆ ಎದ್ದರೆ ಯಾರನ್ನು ಕರೆಯುವುದು? ಅವಳು ಮಗುವನ್ನು ಎತ್ತಿಕೊಂಡು ನೂಕುವವರ ನಡುವೆ ಹಿಂದಕ್ಕೆ ತಿರುಗಿದಳು.

"ಎಂತ ಮಾಡ್ತೆ ಮಾರಾಯ್ತಿ? ಹತ್ತು" ಎಂದು ಮಾಬ್ಲೇಶ್ವರ ಕೂಗಿದ. "ಸೋಮಿ, ಮಳ್ಳು ಹಿಡೀತಾ ನಿಂಗೆ?"

ಅವಳು ನಿಲ್ಲಲಿಲ್ಲ. ಡಾಕ್ಟರ ಮೇಜಿನ ಮುಂದೆ ನಿಂತು ಮಗುವಿನ ತೋಳು ಮುಂದೆ ಹಿಡಿದು ತನಗೆ ಬಂದ ಕೊಂಕಣಿಯಲ್ಲಿ ಹೇಳಿದಳು, ಇದು ದೇವಿ ಹಾಕಿಸಿದ್ದಲ್ಲ, ಗೇರೆಣ್ಣೆಯಲ್ಲಿ ಸುಟ್ಟದ್ದು.

ಡಾಕ್ಟರು ಅವಳನ್ನೇ ನೋಡಿದರು. ಅವರ ಮುಖ ಕೆಂಪಾಯಿತು. "ಯಾರು ಮಾಡಿದ್ದು?"

"ನಾನೇ" ಎಂದಳು ಸೋಮಿ. ಸುಳ್ಳೇನೂ ಅಲ್ಲ. ಕೈ ಹಿಡಿದವಳು ಅವಳೇ ತಾನೇ.

ಬಯ್ಯುತ್ತಲೇ ಅವರು ಮೊಹರಿನ ಮೇಲೆ ಅಡ್ಡಗೆರೆ ಎಳೆದರು. ಬಯ್ಯುತ್ತಲೇ ಮಗುವಿನ ಬಲತೋಳು ಒರೆಸಿ ಗೀರಿದರು. ಮತ್ತೊಮ್ಮೆ ಮಗಳ ಕೈಯನ್ನು ಸೋಮಿ ಹಿಡಿದಳು. ಈ ಸಲ ಮಗು ಕಚ್ಚಲಿಲ್ಲ, ಕಣ್ಣು ಮುಚ್ಚಿಕೊಂಡು ನಡುಗಿತು. ಕೆಲಸ ಮುಗಿದ ಮೇಲೆ ಡಾಕ್ಟರರ ದನಿ ಇಳಿಯಿತು. "ಇದು ಮೊದಲು ಹತ್ತಿದರೆ ಮಗು ಉಳಿಯುತ್ತದೆ. ಅದು ಮೊದಲು ಬಂದರೆ ನನ್ನ ಕೈಯಲ್ಲಿಲ್ಲ."

ಸೋಮಿಗೆ ಆಗ ಹೊಳೆಯಿತು. ಅತ್ತೆಯ ಇಬ್ಬರು ಹೆಣ್ಣುಮಕ್ಕಳಿಗೆ ಆದದ್ದು ಇದೇ. ಅದು ಮೊದಲು ಬಂದಿತ್ತು. ಮದ್ದು ಕರೆದದ್ದಲ್ಲ, ಮದ್ದು ತಡವಾಗಿ ಬಂದದ್ದು. ಆ ಮುದುಕಿಗೆ ಅಷ್ಟೂ ವರ್ಷ ಅದನ್ನು ಹೇಳಿದವರಿಲ್ಲ.

ಬೋಟು ಸಿಳ್ಳು ಹಾಕಿ ಹೊರಟಿತು. ಮಾಬ್ಲೇಶ್ವರನ ಮುಖದ ಕುಳಿಗಳನ್ನು ನೋಡಿ ಒಮ್ಮೆ ಬಂದು ಹೋದವನಿಗೆ ಮದ್ದು ಬೇಡ ಎಂದು ಅವನನ್ನು ಒಳಗೆ ಬಿಟ್ಟಿದ್ದರು. "ಒಂದು ಮಾತು ನುಂಗಿಕೊಂಡಿದ್ರೆ ಮುಗೀತಿತ್ತು" ಎಂದ ಅವನು, ಹಲ್ಲು ಕಚ್ಚಿಕೊಂಡು. "ಪರವಾನಿಗೆ ಹೋತು, ಟಿಕೀಟು ಹೋತು. ಅಲ್ಲಿ ಬಂದರಕ್ಕೆ ಬಂದು ಕಾಯ್ತಾ ಇರೂ ತಮ್ಮಂಗೆ ಎಂತ ಹೇಳೂದು?"

"ಮಗು ಇದ್ರೆ ಏನಾದ್ರೂ ಹೇಳೂಕಾಗ್ತದೆ ಬಾವ" ಎಂದಳು ಸೋಮಿ.

ಊರಾಚೆಯ ಶೆಡ್ಡಿನಲ್ಲಿ ತಂತಿ ಬೇಲಿಯೊಳಗೆ ಅವರನ್ನು ಇಟ್ಟರು. ಹೊತ್ತು ಹೊತ್ತಿಗೆ ಗಂಜಿ ಕೊಡುತ್ತಿದ್ದರು. ಕಛ್ ಕಡೆಯವಳ ಮಗು ಆಚೆ ಶೆಡ್ಡಿನಲ್ಲಿ ತೀರಿಕೊಂಡಿತು. ಅವಳ ಅಳು ಒಂದು ಹಗಲೆಲ್ಲ ಕೇಳಿಸಿತು. ಅದರ ಮರುದಿನ ಅಂಬಾಳ ಮೈ ಕಾದ ಹಂಚಿನಂತಾಯಿತು. ಸೋಮಿ ಮಗುವಿನ ಹಣೆ ನೋಡಿದಳು, ಅಂಗೈ ನೋಡಿದಳು, ಅಂಗಾಲು ತಿರುಗಿಸಿ ನೋಡಿದಳು. ಒಂದು ಗಳಿಗೆ ಬಿಟ್ಟು ಮತ್ತೆ ನೋಡಿದಳು. ದೇವರನ್ನು ನೆನೆದರೆ ಏನು ಕೇಳಬೇಕೆಂದೇ ತೋಚದು. ಊರಲ್ಲಾಗಿದ್ದರೆ ಬರಬೇಡ ತಾಯಿ ಎನ್ನುತ್ತಿದ್ದಳು. ಇಲ್ಲಿ ಕೂತು, ಬಾ ತಾಯಿ, ತೋಳಿಗೆ ಮಾತ್ರ ಬಾ, ಅಲ್ಲೇ ಇದ್ದು ಹೋಗು ಎಂದು ಬೇಡಿಕೊಂಡಳು. ಮಾದೇವಿ ಕೇಳಿದ್ದರೆ ಎದೆಯೊಡೆದುಕೊಳ್ಳುತ್ತಿದ್ದಳು.

ಬಲತೋಳು ಊದಿತು. ಗೀರಿದಲ್ಲಿ ಹಸಿ ಮೆಣಸಿನ ಕಾಳಿನಷ್ಟು ಎದ್ದದ್ದು ನೀರು ತುಂಬಿಕೊಂಡು ದುಂಡಗಾಯಿತು. ಬಟ್ಟೆ ಬಿಚ್ಚಿ ನೋಡಿದ ಕಂಪೌಂಡರ್, "ಹತ್ತಿದೆ ಅಮ್ಮ" ಎಂದ. ಆದರೂ ಸೋಮಿ ನಂಬಲಿಲ್ಲ. ಜ್ವರ ಇಳಿದು, ಮುಖದ ಮೇಲೆ ಒಂದು ಚುಕ್ಕಿಯೂ ಏಳದೆ, ಅವಧಿ ಮುಗಿಯಿತು ಎಂದು ಡಾಕ್ಟರರೇ ಹೇಳಿದ ದಿನ ಅವಳು ಗಂಜಿಯನ್ನು ತಟ್ಟೆಯ ತಳ ಕಾಣುವಂತೆ ಉಂಡಳು. ಉಂಡು ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಮೊಂಬಾಸದ ಪರವಾನಿಗೆಯ ದಿನ ಅಷ್ಟರಲ್ಲಿ ದಾಟಿಹೋಗಿತ್ತು. ಹೊಸದಕ್ಕೆ ಮತ್ತೆ ಅರ್ಜಿ, ಮತ್ತೆ ಪೋಲೀಸು, ಸಿಕ್ಕರೆ ಸಿಕ್ಕಿತು. ಬಿಡಿಸಿಕೊಂಡು ಹೋಗಲು ಇನ್ನೂ ಎರಡು ದಿನದ ಕಾಗದದ ಕೆಲಸವಿದೆ ಎಂದರು.

ಮಾಬ್ಲೇಶ್ವರ ಗಿರಗಾಂವಿನಲ್ಲಿದ್ದ ಊರಿನವನೊಬ್ಬನ ಖೋಲಿಯಲ್ಲಿ ಉಳಿದುಕೊಂಡು ದಿನವೂ ಬೇಲಿಯ ಹತ್ತಿರ ಬರುತ್ತಿದ್ದ. ಅವನ ಸಿಟ್ಟು ಯಾವಾಗಲೋ ಇಳಿದಿತ್ತು. ಆ ದಿನ ಬಂದವನು ಬೇಲಿಯ ಆಚೆಯಿಂದಲೇ ಮಗುವನ್ನು ತುಂಬ ಹೊತ್ತು ನೋಡಿದ.

"ಊರಿನವನೊಬ್ಬ ಇವತ್ತು ರೈಲಿಗೆ ಹೋಗ್ತಾ ಇದ್ದ. ಬೋಟು ತಪ್ಪಿದ ಸುದ್ದಿ ಕೇಳಿದಲ್ಲಿಂದ ಅವ್ವಿ ಊಟ ಬಿಟ್ಟು ಕೂತಿದ್ಲಂತೆ. ಅವಳಿಗೆ ಎಂತ ಹೇಳಿ ಕಳ್ಸಲಿ?"

ಸೋಮಿ ಮಗುವನ್ನು ಬೇಲಿಯ ಹತ್ತಿರ ತಂದಳು. ಮಗಳ ಬಲತೋಳಿನ ಅಂಗಿಯನ್ನು ಮೇಲೆತ್ತಿ ಭಾವನಿಗೆ ತೋರಿಸಿದಳು.

"ದೇವಿ ಬಂದಿದ್ಲು ಹೇಳಿ. ಮಗಳ ತೋಳಲ್ಲೇ ಕೂತು, ಮೋರೆ ಮುಟ್ಟದೆ ಎದ್ದು ಹೋದ್ಲು ಹೇಳಿ. ಅತ್ತೆಗೆ ಉಣ್ಣೂಕೆ ಹೇಳಿ."